ಎಲ್ಲ ಫೋಟೋಗಳಲ್ಲೂ ಇದ್ದ ಮಾವ

ಜನವರಿ 9

ಪ್ರೀತಿಯ ಅಕ್ಕಾ,

ನಾನು ಚೆನ್ನಾಗಿದ್ದೇನೆ. ತುಂಬಾ, ತುಂಬಾ ಚೆನ್ನಾಗಿದ್ದೇನೆ. ಯಾರಾದರೂ ದೃಷ್ಟಿ ಹಾಕಿಯಾರು ಎಂದು ಹೆದರುವಷ್ಟು ಚೆನ್ನಾಗಿದ್ದೇನೆ! ಫೋನಿನಲ್ಲಿ ನಾನೊಬ್ಬಳೇ ಬಡಬಡಿಸುತ್ತೇನೆ, ನಿನಗೆ ‘ಹೂಂ’ ಎನ್ನುವುದಕ್ಕೂ ಸಂದು ಸಿಗುವುದಿಲ್ಲ ಎಂದು ದೂರಿದ್ದೆಯಲ್ಲ, ಅದಕ್ಕೇ ನಿನ್ನ ಅಪ್ಪಣೆಯಂತೆ ಈ ಕಾಗದ. ಅದೂ ಕನ್ನಡದಲ್ಲಿ! ಇಂಗ್ಲಿಷ್ ಶಾಲೆಯಲ್ಲಿ ಓದಿದ ತಂಗಿ ಒತ್ತಕ್ಷರ ತಪ್ಪಿದರೆ ಹೊಟ್ಟೆಗೆ ಹಾಕಿಕೋ.

ಮನೆ ಎಂದರೆ ಇವರ ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆ. ಕಿಟಕಿ ತೆರೆದರೆ ಕೆಳಗೆ ಅಂಗಡಿಯ ಬೋರ್ಡಿನ ದೊಡ್ಡ ಕನ್ನಡಕ. ಇಡೀ ಬೀದಿಯನ್ನು ಅದೇ ಕಾಯುತ್ತಿದೆ ಅನ್ನಿಸುತ್ತದೆ. ನಡುಮನೆಯ ಗೋಡೆಯಲ್ಲಿ ಏನಿದೆ ಹೇಳು? ನೀನು! ಅಂದರೆ ನಿನ್ನ ಸಂಶೋಧನಾ ಪೇಪರಿನ ಒಂದು ಪುಟ. ಇವರೇ ಗಾಜು ಕತ್ತರಿಸಿ ಚೌಕಟ್ಟು ಹಾಕಿದರು. “ಮೊದಲ್ನೇ ಪುಟ ಬೇಡ, ಬರೀ ಅಕ್ಷರ. ಚಿತ್ರ ಇರೋ ಪುಟ ಹಾಕೋಣ. ಬಂದೋರಿಗೆ ನಮ್ಮತ್ತಿಗೆ ಏನು ಕಂಡುಹಿಡಿದಿದಾರೆ ಅಂತ ತೋರಿಸ್ಬೇಕು” ಎಂದರು. ಬಂದವರಿಗೆಲ್ಲ ತೋರಿಸುತ್ತಾರೆ. ಬಂದವರು ತಲೆಯಾಡಿಸುತ್ತಾರೆ. ಯಾರಿಗೂ ಏನೂ ಅರ್ಥವಾಗುವುದಿಲ್ಲ!

ಈಗ ನನ್ನ ಹೊಸ ಕೆಲಸ. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳಿದರೆ ಬಯ್ಯಬೇಡ, ಇವರಿಗೆ ಹೇಳಿ ಹೇಳಿ ಅದೇ ರೂಢಿಯಾಗಿದೆ. ಕೋಶದೊಳಗೆ ಸಾವಿರಾರು ಪ್ರೋಟೀನ್. ಅದರಲ್ಲಿ ತನಗೆ ಹೇಳಿದ ಒಂದೇ ಒಂದನ್ನು ಹುಡುಕಿ ಹಿಡಿಯಬೇಕಾದದ್ದು ಆಂಟಿಬಾಡಿ. ಅದು ಹಿಡಿದ ಜಾಗದಲ್ಲಿ, ಯಂತ್ರ ತೆಗೆದ ಫೋಟೋದಲ್ಲಿ, ನಮಗೆ ಕಪ್ಪು ಗೆರೆ ಕಾಣುತ್ತದೆ. ಅದು ಹೇಳಿದ್ದನ್ನೇ ಹಿಡಿದಿದೆಯೋ, ಕೈಗೆ ಸಿಕ್ಕಿದ್ದನ್ನು ಹಿಡಿದಿದೆಯೋ ಎಂದು ಪರೀಕ್ಷಿಸುವುದೇ ನಮ್ಮ ಲ್ಯಾಬು.

ಇವರಿಗೆ ಇದು ಎರಡೇ ನಿಮಿಷದಲ್ಲಿ ಅರ್ಥವಾಯಿತು. ಅಂಗಡಿಗೆ ಒಬ್ಬ ಲಾರಿ ಡ್ರೈವರ್ ಕಣ್ಣಿನ ಪರೀಕ್ಷೆಗೆ ಬಂದಿದ್ದನಂತೆ. ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಗಡಗಡ ಓದಿಬಿಟ್ಟ. ಇವರಿಗೆ ಅನುಮಾನ ಬಂದು ದೀಪ ಆರಿಸಿದರು. “ಈಗ ಓದಿ” ಎಂದರೆ ಮತ್ತೆ ಗಡಗಡ ಓದಿದ. “ದೀಪ ಆರಿಸಿದೀನಿ ಸ್ವಾಮಿ” ಎಂದರೆ “ಹೌದಾ? ಅದಕ್ಕೇ ಸ್ವಲ್ಪ ಮಬ್ಬಾಗಿದೆ” ಎಂದನಂತೆ! ನಾವು ಮಾಡುವುದೂ ದೀಪ ಆರಿಸುವ ಕೆಲಸವೇ. ಆ ಪ್ರೋಟೀನಿನ ಜೀನನ್ನೇ ಕತ್ತರಿಸಿ ತೆಗೆದ ಕೋಶಗಳನ್ನು ಕೆಳಮಹಡಿಯವರು ಬೆಳೆಸಿ ಕೊಡುತ್ತಾರೆ. ಪಕ್ಕದಲ್ಲಿ ಮಾಮೂಲು ಕೋಶ. ಮಾಮೂಲಿನಲ್ಲಿ ಗೆರೆ ಬರಬೇಕು, ತೆಗೆದದ್ದರಲ್ಲಿ ಬರಬಾರದು. ಬಂತೋ, ಆಂಟಿಬಾಡಿ ಬಾಯಿಪಾಠ ಒಪ್ಪಿಸುತ್ತಿದೆ ಎಂದರ್ಥ.

ನಮ್ಮ ದೊಡ್ಡ ಮೇಡಂ ಬಲು ಕಟ್ಟುನಿಟ್ಟು. ಯಾವ ಕಂಪನಿಯದು, ಯಾವ ಪ್ರೋಟೀನು, ಒಂದೂ ನಮಗೆ ಹೇಳುವುದಿಲ್ಲ. ಕೊಳವೆಗಳ ಮೇಲೆ ಬರೀ ಸಂಖ್ಯೆ. ಕೋಶಗಳಿಗೂ ಸಂಖ್ಯೆ. ನನಗೆ ಸಂಖ್ಯೆ ನೆನಪಿರುತ್ತದೆಯೇ? ಅದಕ್ಕೇ ಮದುವೆಗೆ ಬಂದ ನೆಂಟರ ಹೆಸರಿಟ್ಟಿದ್ದೇನೆ! ಒಂದು ಆಂಟಿಬಾಡಿ ‘ಮೌನಿ ಅತ್ತಿಗೆ’. ಇವರ ಅಕ್ಕನ ಹಾಗೆ ಇದೆಯೋ ಇಲ್ಲವೋ ಎಂಬಷ್ಟು ಸಣ್ಣ ದನಿ, ತೀರಾ ತೆಳು ಗೆರೆ. ಇನ್ನೊಂದು ‘ಫೋಟೋ ಮಾವ’. ನೆನಪಿದೆಯಾ, ಬೂದು ಕೋಟಿನವರು, ನಮ್ಮ ಮದುವೆಯ ಒಂದೊಂದು ಫೋಟೋದಲ್ಲೂ ನಗುತ್ತಾ ನಿಂತಿದ್ದಾರೆ? ನಾವು ಗಂಡಿನ ಕಡೆಯವರು ಅಂದುಕೊಂಡೆವು, ಇವರ ಮನೆಯವರು ಹೆಣ್ಣಿನ ಕಡೆಯವರು ಅಂದುಕೊಂಡರು. ಯಾರ ಕಡೆಯವರೂ ಅಲ್ಲ! ನನ್ನ ಕೊಳವೆಯ ಫೋಟೋ ಮಾವನೂ ಹಾಗೆಯೇ. ಪ್ರೋಟೀನ್ ಇರಲಿ, ಇಲ್ಲದಿರಲಿ, ಫೋಟೋದಲ್ಲಿ ದಪ್ಪಗೆ ಹಾಜರು. ಕೆಳಗೆ ಬಾಲದ ಹಾಗೆ ಇನ್ನೊಂದು ಸಣ್ಣ ಗೆರೆ ಬೇರೆ.

ಬೇಗ ಬರೆ. ಇಲ್ಲದಿದ್ದರೆ ಫೋನ್ ಮಾಡಿಬಿಡುತ್ತೇನೆ!

ನಿನ್ನ
ಚಿನಕುರುಳಿ

*

ಜನವರಿ 20

ಚಿನಕುರುಳಿ,

ನಿನ್ನ ಕಾಗದ ಓದುವಾಗಲೂ ‘ಹೂಂ’ ಎನ್ನಲು ಸಂದು ಸಿಗಲಿಲ್ಲ. ಒತ್ತಕ್ಷರಗಳನ್ನು ಹೊಟ್ಟೆಗೆ ಹಾಕಿಕೊಂಡಿದ್ದೇನೆ, ಸ್ವಲ್ಪ ಭಾರವಾಗಿದೆ. ಗಂಡನನ್ನು ‘ಇವರು’ ಎಂದು ಎಷ್ಟು ಸಲ ಬರೆದಿದ್ದೀಯ ಎಂದು ಎಣಿಸಲು ಹೋಗಿ ಅರ್ಧಕ್ಕೆ ಬಿಟ್ಟೆ. ಪುಟವನ್ನು ಗೋಡೆಗೆ ಹಾಕಿದ್ದು ಅತಿಯಾಯಿತು. ಆದರೆ ಬೇಡ ಎನ್ನುವಷ್ಟು ಸಾಧುವಲ್ಲ ನಿನ್ನ ಅಕ್ಕ.

ಇಲ್ಲಿ ಎಲ್ಲ ಓಟದಲ್ಲಿದೆ. ನನ್ನ ಪೇಪರ್ ನೋಡಿ ಆಸ್ಪತ್ರೆಯ ಕಿಡ್ನಿ ವಿಭಾಗದವರು ಮುಂದೆ ಬಂದಿದ್ದಾರೆ. ಕಿಡ್ನಿ ಕೆಡುವ ಮೊದಲೇ ಆ ಪ್ರೋಟೀನ್ ಏರುತ್ತದೆ ಎಂದಲ್ಲವೇ ನಾನು ತೋರಿಸಿದ್ದು? ಅದನ್ನು ರೋಗಿಗಳಲ್ಲಿ ಅಳೆದು, ಯಾರಿಗೆ ಬೇಗ ಔಷಧಿ ಶುರುಮಾಡಬೇಕು ಎಂದು ನಿರ್ಧರಿಸುವ ಯೋಜನೆ. ಮಾರ್ಚ್ ಕೊನೆಗೆ ಮೊದಲ ರೋಗಿ. ನನ್ನ ವಿದ್ಯಾರ್ಥಿನಿ ಈಗಲೇ ನೆಲದ ಮೇಲೆ ನಡೆಯುತ್ತಿಲ್ಲ.

ಒಂದು ಮಾತು. ನಗುವ ಮೊದಲು ಇನ್ನೊಮ್ಮೆ ಮಾಡಿ ನೋಡು. ಕೊಳವೆ ಅದಲುಬದಲಾಗಿರಬಹುದು, ತೊಳೆದದ್ದು ಸಾಲದಿರಬಹುದು. ನಿನ್ನ ಫೋಟೋ ಮಾವನ ದಪ್ಪ ಗೆರೆ ಅಳತೆಪಟ್ಟಿಯಲ್ಲಿ ಎಲ್ಲಿ ನಿಲ್ಲುತ್ತದೆ? ಬಾಲದ ಗೆರೆ ಎಷ್ಟು ಕೆಳಗೆ? ಸುಮ್ಮನೆ ಕೇಳಿದೆ.

ಅಕ್ಕ

*

ಫೆಬ್ರವರಿ 2

ಅಕ್ಕಾ, ಅಕ್ಕಾ, ಅಕ್ಕಾ!

ಮೊದಲ ರೋಗಿ! ಓದಿ ಮಂಚದ ಮೇಲೆ ಹಾರಿದೆ. ಕೆಳಗಿನಿಂದ ಇವರು ಓಡಿಬಂದು “ಏನಾಯ್ತೇ, ಜಿರಲೆನಾ?” ಎಂದರು. “ಅಲ್ಲ ರೀ, ನಮ್ಮಕ್ಕ!” ಎಂದೆ. ಅಂಗಡಿಯಲ್ಲಿ ಕೂತಿದ್ದ ಗಿರಾಕಿಗಳಿಗೆಲ್ಲ ಹೋಗಿ ಹೇಳಿಬಂದರು. ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಹಾಕಿಕೊಂಡಿದ್ದ ಒಬ್ಬ ಅಜ್ಜಿ “ಒಳ್ಳೇದಾಗ್ಲಿ, ಗಂಡು ಮಗುನಾ?” ಎಂದು ಕೇಳಿದರಂತೆ!

ನಿನ್ನ ಮಾತಿನಂತೆ ಫೋಟೋ ಮಾವನನ್ನು ಮತ್ತೆ ನಿಲ್ಲಿಸಿದೆ. ನಾನು ಮಾಡಿದೆ, ಪಕ್ಕದ ಮೇಜಿನವಳು ಮಾಡಿದಳು, ಹೊಸ ಕೋಶ ತರಿಸಿ ಮತ್ತೆ ನಾನು ಮಾಡಿದೆ. ಮಾವ ಜಗ್ಗಲಿಲ್ಲ! ದಪ್ಪ ಗೆರೆ ಐವತ್ತೈದರ ಸ್ವಲ್ಪ ಮೇಲೆ, ಬಾಲ ಐವತ್ತರ ಹತ್ತಿರ, ಮುರಿದ ಪೆನ್ಸಿಲ್ ಮೊನೆಯ ಹಾಗೆ ಒಂದು ಕಡೆ ಚೂಪು. ಜೀನ್ ತೆಗೆದ ಕೋಶದಲ್ಲೂ ಅದೇ ದಪ್ಪ, ಅದೇ ಬಾಲ, ಅದೇ ಮೊನೆ.

ಇದನ್ನು ನಂಬಿಕೊಂಡು ಯಾರಾದರೂ ಪೇಪರ್ ಬರೆದಿದ್ದರೆ! ಪಾಪ, ಗೊತ್ತಾದ ದಿನ ಅವರ ಮುಖ ನೋಡಬೇಕು. ಈ ಮಾತು ಹೇಳಿ ಊಟದ ಹೊತ್ತಿನಲ್ಲಿ ಎಲ್ಲರನ್ನೂ ನಗಿಸಿದೆ. ದೊಡ್ಡ ಮೇಡಂ ಮಾತ್ರ ನಗಲಿಲ್ಲ. ಅವರು ಯಾವುದಕ್ಕೂ ನಗುವುದಿಲ್ಲ ಬಿಡು.

ಮದುವೆಯ ಫೋಟೋಗಳ ಪುಸ್ತಕ ಬೇರೆ ಕಳಿಸಿದ್ದೇನೆ. ಮಾವ ಎಷ್ಟು ಕಡೆ ಇದ್ದಾರೆ ನೀನೇ ನೋಡು!

ಚಿನಕುರುಳಿ

*

ಫೆಬ್ರವರಿ 14

ಪುಟ್ಟಿ,

ಕಾಗದ ಬಂತು. ಕೆಲಸ ಜಾಸ್ತಿ.

ನಿಮ್ಮ ಕೆಳಮಹಡಿಯವರು ಜೀನ್ ತೆಗೆದ ಕೋಶಗಳನ್ನು ಹೊರಗಿನ ಲ್ಯಾಬುಗಳಿಗೆ ಕೊಡುತ್ತಾರೆಯೇ? ಯಾರಿಗೆ ಬರೆಯಬೇಕು ಎಂದಷ್ಟೇ ತಿಳಿಸು. ವಿದ್ಯಾರ್ಥಿನಿಗೆ ಬೇಕಾಗಿದೆ.

ಅಕ್ಕ

*

ಫೆಬ್ರವರಿ 25

ಪ್ರೀತಿಯ ಅಕ್ಕಾ,

ಕೆಳಮಹಡಿಯ ವಿಳಾಸ ಇದರ ಜೊತೆಗಿದೆ. ಕೊಡುತ್ತಾರೆ, ಒಳ್ಳೆಯ ಜನ.

ನಿನ್ನ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದೆ, ಹಿಂದುಗಡೆ ಇನ್ನೇನಾದರೂ ಇದೆಯೇನೋ ಎಂದು. ಫೋಟೋಗಳ ಬಗ್ಗೆ ಒಂದು ಮಾತಿಲ್ಲ. ಬಯ್ಗುಳವೂ ಇಲ್ಲ. ‘ಪುಟ್ಟಿ’ ಎಂದು ಕರೆದಿದ್ದೀಯ. ನನಗೆ ಜ್ವರ ಬಂದಾಗ ಬಿಟ್ಟರೆ ನೀನು ಹಾಗೆ ಕರೆದದ್ದೇ ಇಲ್ಲ.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ. “ನೋಡಮ್ಮ, ದೊಡ್ಡೋಳು ಹಾಗೇ ಇದ್ದಾಳೆ, ಚಿಕ್ಕೋಳು ಮದುವೆ ಮಾಡ್ಕೊಂಡು ಕುಣೀತಿದ್ದಾಳೆ. ಬಾಯಲ್ಲಿ ಹೇಳದಿದ್ರೂ ಒಳಗೆ ಇರಲ್ವಾ?” ಎಂದಳು. ಅಕ್ಕಾ, ನಾನೆಂಥ ಪೆದ್ದಿ! ಮದುವೆ ಬೇಡ, ಕೆಲಸ ಸಾಕು ಎಂದು ನೀನು ಹೇಳಿದ್ದನ್ನು ನಾನು ಪೂರ್ತಿ ನಂಬಿಬಿಟ್ಟಿದ್ದೆ. ಕಾಗದದ ತುಂಬಾ ಇವರು, ಇವರು, ಇವರು ಎಂದು ಬರೆದೆ. ಫೋಟೋಗಳನ್ನು ಬೇರೆ ಕಳಿಸಿದೆ!

ಇನ್ನು ಇವರ ಸುದ್ದಿ ಎತ್ತುವುದಿಲ್ಲ. ಇವರೂ ಅದೇ ಸರಿ ಎಂದರು. ಅಯ್ಯೋ! ನೋಡು, ಬಂದೇಬಿಟ್ಟರು.

ಕೋಪವಿದ್ದರೆ ಕೋಪ ಎಂದೇ ಬರೆ. ಏನೂ ಬರೆಯದೆ ಮಾತ್ರ ಇರಬೇಡ.

ನಿನ್ನದೇ
ಚಿನಕುರುಳಿ

*

ಮಾರ್ಚ್ 12

ಅಕ್ಕಾ,

ನಿನ್ನಿಂದ ಉತ್ತರವಿಲ್ಲ. ಇನ್ನು ಕಾಯಲಾರೆ.

ಭಾನುವಾರ ಇವರು ಗೋಡೆಯ ಚೌಕಟ್ಟಿನ ಗಾಜು ಒರೆಸುತ್ತಿದ್ದರು. ನಾನು ಸೋಫಾದಲ್ಲಿ ಕೂತು ಫೋಟೋ ಮಾವನ ಚಿತ್ರಗಳನ್ನು ವರದಿಗೆ ಜೋಡಿಸುತ್ತಿದ್ದೆ. ಇವರು ಒಮ್ಮೆ ಗೋಡೆ ನೋಡಿದರು, ಒಮ್ಮೆ ನನ್ನ ತೊಡೆಯ ಮೇಲಿದ್ದ ಕಂಪ್ಯೂಟರ್ ನೋಡಿದರು.

“ಏನೇ, ನಿನ್ನ ಫೋಟೋ ಮಾವ ನಮ್ಮ ಗೋಡೆ ಮೇಲೂ ಬಂದಿದಾನಲ್ಲೇ?”

“ತಮಾಷೆ ಬೇಡ ರೀ.”

“ತಮಾಷೆ ಅಲ್ಲ. ಇಲ್ಬಾ. ಕೆಳಗಿನ ಗೆರೆ ನೋಡು. ಒಂದ್ಕಡೆ ಚೂಪು.”

ಜೇಬಿನಿಂದ ಭೂತಗನ್ನಡಿ ತೆಗೆದು ಕೊಟ್ಟರು. ನೋಡಿದೆ. ದಪ್ಪ ಗೆರೆ, ಐವತ್ತೈದರ ಸ್ವಲ್ಪ ಮೇಲೆ. ಕೆಳಗೆ ಬಾಲ. ಮುರಿದ ಪೆನ್ಸಿಲ್ ಮೊನೆ. ದಿನಾ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಆ ಗೋಡೆಯ ಕೆಳಗೇ ಕೂರುತ್ತೇನೆ. ಆ ಪುಟದಲ್ಲಿ ನಾನು ನೋಡಿದ್ದು ನಿನ್ನ ಹೆಸರೊಂದನ್ನೇ.

ನಿನಗೆ ಗೊತ್ತಿತ್ತು ಅಲ್ಲವೇ? ಗೆರೆ ಎಲ್ಲಿದೆ ಎಂದು ಕೇಳಿದಾಗಲೇ? ನಾನು ಊಟದ ಮೇಜಿನಲ್ಲಿ ನಗಿಸಿದ್ದನ್ನು ನಿನಗೇ ಬರೆದು ಕಳಿಸಿದೆನಲ್ಲ!

ಈಗ ಕೇಳು. ಸಂಖ್ಯೆಗಳ ಗುಟ್ಟು ಬಿಚ್ಚುವುದು ಈ ತಿಂಗಳ ಕೊನೆಗೆ. ಅಲ್ಲಿಯವರೆಗೆ ಅದು ಯಾವ ಆಂಟಿಬಾಡಿ ಎಂದು ಇಲ್ಲಿ ಮೇಡಂ ಬಿಟ್ಟು ಯಾರಿಗೂ ಗೊತ್ತಿಲ್ಲ. ಕೊಳವೆ ಫ್ರಿಜ್ಜಿನ ಹೊರಗೆ ಉಳಿದು ಕೆಟ್ಟುಹೋಯಿತು ಎಂದು ನಾನು ಹೇಳಿದರೆ ಮುಗಿಯಿತು. ದೊಡ್ಡ ಮೇಡಂ ನನಗೆ ಎರಡು ಮಾತು ಬಯ್ಯುತ್ತಾರೆ. ಆ ಹೆಸರು ವರದಿಯಲ್ಲಿ ಬರುವುದಿಲ್ಲ. ನಿನ್ನ ಮೊದಲ ರೋಗಿ ಬರಲಿ, ಆಮೇಲೆ ನಿಧಾನವಾಗಿ ನೋಡಿಕೊಳ್ಳಬಹುದು. ಇವರಿಗೆ ಹೇಳಿದೆ. ಎದ್ದು ಕೆಳಗೆ ಅಂಗಡಿಗೆ ಹೋಗಿಬಿಟ್ಟರು. ಭಾನುವಾರ ಅಂಗಡಿ ಇರುವುದೇ ಇಲ್ಲ.

ನೀನು ಹೂಂ ಅನ್ನು ಸಾಕು.

ಚಿ.

*

ಮಾರ್ಚ್ 18

ಚಿನಕುರುಳಿ,

ಊಹೂಂ.

ಮೊದಲು ನಿನ್ನ ಕಿವಿ ಹಿಂಡಬೇಕು. ತಂಗಿಗೆ ಗಂಡ ಸಿಕ್ಕಿದ್ದಕ್ಕೆ ಅಕ್ಕನಿಗೆ ಹೊಟ್ಟೆಯುರಿಯಂತೆ! ಅಮ್ಮ ಹೇಳಿದಳಂತೆ, ಇವಳು ನಂಬಿದಳಂತೆ. ನಿನ್ನ ‘ಇವರ’ ಸುದ್ದಿ ಓದಿ ಇಲ್ಲಿ ನಾನೊಬ್ಬಳೇ ನಗುತ್ತಿದ್ದೆ. ಜಿರಲೆಯ ಕಥೆಯನ್ನು ಲ್ಯಾಬಿನವರಿಗೆಲ್ಲ ಹೇಳಿದ್ದೇನೆ. ಅದನ್ನು ನಿಲ್ಲಿಸಬೇಡ. ಭಾನುವಾರ ಅಂಗಡಿಗೆ ಹೋದ ಮನುಷ್ಯ ನನಗೆ ತುಂಬಾ ಹಿಡಿಸಿದ.

ಹೌದು, ಬಾಲದ ಗೆರೆ ಎಂದು ಮೊದಲ ಕಾಗದದಲ್ಲಿ ಓದಿದಾಗಲೇ ನನ್ನ ಪೇಪರಿನ ಚಿತ್ರ ತೆಗೆದು ನೋಡಿದೆ. ಇರಲಾರದು ಎಂದುಕೊಂಡೆ. ಎರಡನೆಯ ಕಾಗದದ ಪೆನ್ಸಿಲ್ ಮೊನೆ ಅನುಮಾನ ಉಳಿಸಲಿಲ್ಲ. ಆ ಮೊನೆಯನ್ನು ನಾನು ಎಷ್ಟು ವರ್ಷದಿಂದ ನೋಡುತ್ತಿದ್ದೇನೆ! ನಿನಗೆ ಏಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ಫೋಟೋ ಮಾವನನ್ನು ನೋಡುವ ನಿನ್ನ ಕಣ್ಣು ಬದಲಾಗುತ್ತಿತ್ತು. ನಿಮ್ಮ ಮೇಡಂ ಹೆಸರು ಮುಚ್ಚುವುದೇ ಅದಕ್ಕೆ. ನನಗೆ ನಿನ್ನ ಕಣ್ಣು ಹಾಗೆಯೇ ಬೇಕಿತ್ತು. ನೀನು ಮೂರನೆಯ ಸಲವೂ ನಗುತ್ತಾ ಅದೇ ಗೆರೆ ಕಂಡೆಯಲ್ಲ, ಅದಕ್ಕಿಂತ ಗಟ್ಟಿ ಸಾಕ್ಷಿ ಬೇರಿಲ್ಲ.

ಕೋಶಗಳು ಬಂದವು. ವಿದ್ಯಾರ್ಥಿನಿಗೆ ಕೊಡಲಿಲ್ಲ, ನಾನೇ ಮೇಜಿಗೆ ನಿಂತೆ. ಬಹಳ ದಿನವಾಗಿತ್ತು, ಪ್ರೋಟೀನುಗಳನ್ನು ಬೇರ್ಪಡಿಸುವ ಜೆಲ್ ಹಾಳೆ ಮೊದಲನೆಯದು ಹರಿದುಹೋಯಿತು. ಎರಡನೆಯದರಲ್ಲಿ ಫೋಟೋ ಮಾವ ಬೂದು ಕೋಟು ಹಾಕಿಕೊಂಡು ಎರಡೂ ಕಡೆ ನಿಂತಿದ್ದ.

ನೀನು ಕೇಳುತ್ತೀಯ, ಅಕ್ಕ ಆಗ ಪರೀಕ್ಷಿಸಲೇ ಇಲ್ಲವೇ ಎಂದು. ಪರೀಕ್ಷಿಸಿದ್ದೆ. ಆ ಆಂಟಿಬಾಡಿಯನ್ನು ತಯಾರಿಸಲು ಬಳಸಿದ ಪ್ರೋಟೀನಿನ ತುಣುಕನ್ನೇ ಅದಕ್ಕೆ ಮೊದಲು ಕೊಟ್ಟು, ಆಮೇಲೆ ಕೋಶದ ಮೇಲೆ ಬಿಟ್ಟೆ. ಗೆರೆ ಮಾಯವಾಯಿತು. ಆ ದಿನ ಕುಣಿದಿದ್ದೆ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಕೈತುಂಬ ಸಾಮಾನು ಕೊಟ್ಟರೆ ಆಂಟಿಬಾಡಿ ಇನ್ನೇನನ್ನೂ ಹಿಡಿಯುವುದಿಲ್ಲ. ಸರಿಯಾದದ್ದನ್ನೂ ಇಲ್ಲ, ತಪ್ಪಾದದ್ದನ್ನೂ ಇಲ್ಲ. ಅದರ ಕೈ ತುಂಬಿದೆ ಎಂಬುದಷ್ಟೇ ನಾನು ಸಾಬೀತು ಮಾಡಿದ್ದು. ಖಾಲಿ ಕೈಯಲ್ಲಿದ್ದಾಗ ಅದು ಯಾರ ತೋಳು ಹಿಡಿದಿತ್ತು ಎಂದು ನೋಡಲೇ ಇಲ್ಲ.

ನೀನು ಈ ಕೊನೆಯ ಕಾಗದ ಬರೆದ ವಾರವೇ, ಅದು ನನ್ನ ಕೈ ಸೇರುವ ಮೊದಲೇ, ಆಸ್ಪತ್ರೆಗೆ ಹೋದೆ. ಚಿತ್ರವನ್ನು ಕಿಡ್ನಿ ಡಾಕ್ಟರ ಮೇಜಿನ ಮೇಲಿಟ್ಟೆ.

“ಮೇಡಂ, ಎಲ್ಲಾ ರೆಡಿ ಆಗಿದೆ. ಇದನ್ನ ಈಗ ಹೇಳ್ತಿದೀರಲ್ಲ.”

“ನನಗೆ ಈಗ ಗೊತ್ತಾಯ್ತು, ಈಗ ಹೇಳ್ತಿದೀನಿ.”

“ನೀವೇ ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ರೋಗಿಗಳ ಕಿಡ್ನಿಗೆ ಗೊತ್ತಾಗ್ತಿತ್ತು.”

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಬೈಬೇಕು ಅನ್ನಿಸ್ತಿದೆ. ಕಾಫಿ ತರಿಸ್ತೀನಿ, ಅದನ್ನ ಕುಡೀರಿ, ಆಮೇಲೆ ಬೈತೀನಿ” ಎಂದರು. ಎರಡನ್ನೂ ಮಾಡಿದರು. ಮೊದಲ ರೋಗಿ ಬರುವುದಿಲ್ಲ. ಯೋಜನೆ ನಿಂತಿತು. ಪೇಪರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಪತ್ರಿಕೆಗೆ ಬರೆದಿದ್ದೇನೆ. ವಿದ್ಯಾರ್ಥಿನಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬಂದು “ನಾಳೆ ಜೆಲ್ ನಾನು ಮಾಡ್ತೀನಿ, ನೀವು ಹರಿದುಹಾಕ್ತೀರ” ಎಂದಳು.

ಇನ್ನು ನಿನ್ನ ಕೆಟ್ಟುಹೋದ ಕೊಳವೆ. ಅಂಥ ಮಾತನ್ನು ಇನ್ನೊಮ್ಮೆ ಬರೆದರೆ ನಾನೇ ಬಂದು ನಿಮ್ಮ ಮೇಡಂ ಎದುರು ನಿಲ್ಲುತ್ತೇನೆ. ಇದೇ ಆಂಟಿಬಾಡಿಯನ್ನು ಇನ್ನೆಷ್ಟು ಲ್ಯಾಬಿನವರು ಫ್ರಿಜ್ಜಿನಲ್ಲಿ ಇಟ್ಟುಕೊಂಡಿದ್ದಾರೆ ಗೊತ್ತೇ? ಅವರಲ್ಲಿ ಅರ್ಧದಷ್ಟು ಜನ ನನ್ನ ಪೇಪರ್ ನೋಡಿ ಕೊಂಡವರು. ಅವರಿಗೆ ಕಾಗದ ಬರೆದು ನಗಿಸುವ ತಂಗಿ ಇಲ್ಲ. ಇರುವುದು ನಿಮ್ಮ ವರದಿ ಒಂದೇ. ಹಾಕು. ದೊಡ್ಡದಾಗಿ ಹಾಕು. ನನ್ನ ಪೇಪರಿನಲ್ಲಿ ಇದನ್ನೇ ಬಳಸಲಾಗಿತ್ತು ಎಂದೂ ಹಾಕು.

ಮುಖ ನೋಡಬೇಕು ಎಂದಿದ್ದೆಯಲ್ಲ, ಬಾ, ನೋಡು. ಅದೇ ಮುಖ. ಕಿವಿಯ ಹತ್ತಿರ ಸ್ವಲ್ಪ ನೆರೆತಿದೆ, ಅಷ್ಟೇ.

ನನಗೆ ಒಂದು ಬೇಕು. ಅದೇ ಕೋಶಗಳ ಮೇಲೆ ಪರೀಕ್ಷಿಸಿದ ಬೇರೆ ಆಂಟಿಬಾಡಿಗಳೂ ಇರಬೇಕಲ್ಲ? ಜೀನ್ ತೆಗೆದ ಕಡೆ ಬಾಯಿ ಮುಚ್ಚಿಕೊಂಡದ್ದು ಯಾವುದು? ಗುಟ್ಟು ಬಿಚ್ಚಿದ ದಿನ ತಿಳಿಸು.

ಅಕ್ಕ

*

ಏಪ್ರಿಲ್ 2

ಅಕ್ಕಾ,

ಹಾಕಿದೆ. ಮೊದಲ ಪುಟದಲ್ಲೇ.

ನಿನ್ನ ಕಾಗದವನ್ನು ದೊಡ್ಡ ಮೇಡಂಗೆ ತೋರಿಸಿದೆ, ನನ್ನ ಕೊಳವೆಯ ಮಾತಿದ್ದ ಭಾಗವನ್ನೂ. ಮುಚ್ಚಿಡಬೇಕು ಅನ್ನಿಸಲಿಲ್ಲ. ಓದಿ ಕಾಗದ ಮಡಚಿಕೊಟ್ಟರು. “ನಿಮ್ಮಕ್ಕನಿಗೆ ನಮಸ್ಕಾರ ಹೇಳಿ. ನಿಮಗೆ ಮಾತ್ರ ಇನ್ಮೇಲೆ ಫ್ರಿಜ್ಜಿನ ಬೀಗದ ಕೈ ಕೊಡಲ್ಲ” ಎಂದರು. ಆಮೇಲೆ ನಕ್ಕರು ಅಕ್ಕಾ. ನಾನೇ ನೋಡಿದೆ.

ಆ ಕೋಶಗಳ ಮೇಲೆ ಏಳು ಆಂಟಿಬಾಡಿಗಳನ್ನು ಹಾಕಿದ್ದೆವು. ಆರು ಎರಡೂ ಕಡೆ ಬಾಯಿಬಡುಕರು. ಒಂದೇ ಒಂದು, ಜೀನ್ ಇದ್ದ ಕಡೆ ಇಷ್ಟೇ ಇಷ್ಟು ಮಾತಾಡಿ, ಇಲ್ಲದ ಕಡೆ ಪೂರ್ತಿ ಸುಮ್ಮನಿದ್ದದ್ದು, ಮೌನಿ ಅತ್ತಿಗೆ. ನಾನು ಮೊದಲ ದಿನವೇ ಮೂಲೆಗೆ ತಳ್ಳಿದ್ದೆ, ಗೆರೆ ತೆಳು ಎಂದು. ಮೂರು ಕೊಳವೆ ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಇಂದೇ ಕಳಿಸಿದ್ದೇನೆ, ಮೇಡಂ ಒಪ್ಪಿಗೆಯೊಂದಿಗೆ.

ನಿಜವಾದ ಅತ್ತಿಗೆಯನ್ನೂ ಮನೆಗೆ ಕರೆದಿದ್ದೆ. ಇವರು ಎಲ್ಲ ಕಥೆ ಹೇಳಿದರು. ಅತ್ತಿಗೆ ಗೋಡೆಯ ಚೌಕಟ್ಟನ್ನು ನೋಡುತ್ತಾ ನಿಂತರು. ಕಡೆಗೆ “ಇದನ್ನ ತೆಗೀಬೇಡಿ” ಎಂದರು. ಅಷ್ಟೇ ಮಾತು. ತೆಗೆದಿಲ್ಲ.

ಬಂದವರಿಗೆ ಇವರು ಈಗಲೂ ತೋರಿಸುತ್ತಾರೆ. “ನಮ್ಮತ್ತಿಗೆ ಇದನ್ನ ಕಂಡುಹಿಡಿದ್ರು” ಎನ್ನುತ್ತಾರೆ, “ಆಮೇಲೆ ಇದು ಸುಳ್ಳು ಅಂತಾನೂ ಅವರೇ ಹೇಳಿದ್ರು.” ಬಂದವರು ಈಗ ತಲೆಯಾಡಿಸಿ ಸುಮ್ಮನಾಗುವುದಿಲ್ಲ, ಹತ್ತಿರ ಹೋಗಿ ನೋಡುತ್ತಾರೆ.

ನಿನ್ನ
ಚಿನಕುರುಳಿ

*

ಮೇ 6

ಚಿನಕುರುಳಿ,

ಇದರ ಜೊತೆಗೆ ಒಂದು ಫೋಟೋ ಇದೆ. ನಿನ್ನ ಮೌನಿ ಅತ್ತಿಗೆಯಿಂದ ತೆಗೆದದ್ದು. ಎಡಗಡೆ ಆರೋಗ್ಯವಾದ ಕಿಡ್ನಿಯ ಕೋಶ, ನಡುವೆ ಕಾಯಿಲೆಯದು, ಬಲಗಡೆ ಜೀನ್ ತೆಗೆದದ್ದು.

ಎಡಕ್ಕೂ ನಡುವಿಗೂ ವ್ಯತ್ಯಾಸ ಕಾಣುತ್ತದೆಯೇ? ನನಗೂ ಕಾಣುವುದಿಲ್ಲ. ನಾನು ಏರುತ್ತದೆ ಎಂದಿದ್ದ ಪ್ರೋಟೀನ್ ಏರುವುದಿಲ್ಲ. ಏರುತ್ತಿದ್ದದ್ದು ಇನ್ನೇನೋ, ಫೋಟೋ ಮಾವ ತೋಳು ಹಿಡಿದುಕೊಂಡಿದ್ದವರು ಯಾರೋ. ಅವರು ಯಾರು ಎಂದು ಹುಡುಕಲು ಶುರುಮಾಡಿದ್ದೇವೆ. ಕಿಡ್ನಿ ಡಾಕ್ಟರು ನಿನ್ನೆ ಬಂದು ಮೇಜಿನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. “ಈ ಸಲ ಮೊದ್ಲೇ ದೀಪ ಆರ್ಸಿ ನೋಡಿ, ಆಮೇಲೆ ನನ್ನ ಕರೀರಿ” ಎಂದರು. ಲಾರಿ ಡ್ರೈವರ್ ಕಥೆ ನಾನೇ ಹೇಳಿದ್ದೆ.

ಈ ಫೋಟೋ ಬಂದ ಹೊತ್ತಿನಲ್ಲಿ ವಿದ್ಯಾರ್ಥಿನಿ ನನ್ನ ಪಕ್ಕದಲ್ಲೇ ಇದ್ದಳು. ಪರದೆಯ ಮೇಲೆ ಮೊದಲು ಎಡ ಬಂತು, ನಡು ಬಂತು. ಬಲಗಡೆಗೆ ಇಬ್ಬರೂ ಕಾದೆವು. ಇನ್ನೂ ಕಾದೆವು. “ಮೇಡಂ, ಏನೂ ಇಲ್ಲ” ಎಂದಳು. “ಮೇಡಂ, ಏನೂ ಇಲ್ಲ!” ಎಂದು ಮತ್ತೆ ಕಿರುಚಿದಳು. ಪಕ್ಕದ ಕೋಣೆಯವರು ಏನೋ ಸಿಕ್ಕಿತೆಂದು ಓಡಿಬಂದರು.

ನಿನ್ನ ‘ಇವರಿಗೆ’ ಹೇಳು, ಇದಕ್ಕೂ ಒಂದು ಚೌಕಟ್ಟು ಬೇಕು, ಹಳೆಯದರ ಪಕ್ಕದಲ್ಲಿ. ಗಾಜು ಕತ್ತರಿಸುವಾಗ ಜೋಪಾನ. ಬಲಗಡೆ ಖಾಲಿ ಇದೆ ಎಂದು ಅಂಚು ಮಡಿಸಿಬಿಟ್ಟಾರು. ಆ ಖಾಲಿ ಜಾಗ ಪೂರ್ತಿ ಕಾಣಬೇಕು.

ಅಕ್ಕ